ಮುರಿದ ಬೀಜದ ಪ್ಲೇಟೂ, ಪದರದ ಮೇಲೆ ಪದರ ಕಟ್ಟುವ ಯಂತ್ರವೂ



ಮುಂಗಾರಿನಲ್ಲಿ ನಡೆದ ಒಂದು ಸಂಗತಿಯಿಂದ ಇಂದಿನ ಮಾತನ್ನು ಶುರು ಮಾಡುತ್ತೇನೆ. ಮೃಗಶಿರಾ ಮಳೆ ಬಿದ್ದು ಭೂಮಿ ಹದಕ್ಕೆ ಬಂದಿತ್ತು. ಗುತ್ತೂರಿನ ರೈತರೊಬ್ಬರು ಬೆಳಗಿನ ಆರು ಗಂಟೆಗೇ ನನಗೆ ಫೋನು ಮಾಡಿದರು.

"ಸಾರ್, ಮೆಕ್ಕೆಜೋಳ ಬಿತ್ತೋ ಕೂರಿಗೆದು ಪ್ಲೇಟು ಒಡೆದೈತೆ. ನಿನ್ನೆ ದಾವಣಗೆರೆ ಅಂಗಡಿಯೆಲ್ಲಾ ತಿರುಗಿದೆ. ಈ ಮಾದರಿದು ಈಗ ಬರಂಗಿಲ್ಲ ಅಂತಾರೆ. ನಾಳೆ ನಾಡಿದ್ದರಾಗೆ ಬಿತ್ತಲಿಲ್ಲ ಅಂದ್ರೆ ಹದ ಹೋಗ್ತೈತೆ. ಏನಾರ ದಾರಿ ಐತಾ?"

ಟ್ರ್ಯಾಕ್ಟರ್ ಕೂರಿಗೆ ಇಟ್ಟುಕೊಂಡವರಿಗೆಲ್ಲ ಆ ಪ್ಲೇಟು ಗೊತ್ತು. ಬೀಜದ ಡಬ್ಬಿಯ ಕೆಳಗೆ ತಿರುಗುವ ಒಂದು ತಟ್ಟೆ. ಅಂಚಿನ ಸುತ್ತ ಸಣ್ಣ ಸಣ್ಣ ಗೂಡು. ಒಂದೊಂದು ಗೂಡಿಗೆ ಒಂದೊಂದು ಕಾಳು ಕುಳಿತು, ಸಾಲಿನಲ್ಲಿ ಗೇಣಿಗೊಂದರಂತೆ ಬೀಳುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ಸಾಮಾನು. ಆದರೆ ಅದಿಲ್ಲದೆ ಲಕ್ಷ ರೂಪಾಯಿಯ ಟ್ರ್ಯಾಕ್ಟರು ಮನೆಯ ಮುಂದೆ ನಿಲ್ಲುತ್ತದೆ.

ಹರಿಹರದಲ್ಲಿ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗನ ಹತ್ತಿರ ಸಣ್ಣದೊಂದು ಯಂತ್ರವಿರುವುದು ನನಗೆ ಗೊತ್ತಿತ್ತು. ಒಡೆದ ಎರಡು ತುಂಡನ್ನೂ ತೆಗೆದುಕೊಂಡು ರೈತರೊಡನೆ ಅಲ್ಲಿಗೆ ಹೋದೆ. ಹುಡುಗ ತುಂಡುಗಳನ್ನು ಜೋಡಿಸಿ ಅಳತೆ ಹಿಡಿದ, ಕಂಪ್ಯೂಟರಿನಲ್ಲಿ ಚಿತ್ರ ಬರೆದ, ಗುಂಡಿ ಒತ್ತಿದ. ಅಂದು ರಾತ್ರಿಯೇ ಹೊಸ ಪ್ಲೇಟು ಕೈಗೆ ಬಂತು. ರೈತರು ಅದನ್ನು ತಿರುಗಿಸಿ ನೋಡಿ, "ಇದೇನ್ ಸಾರ್, ಶಾವಿಗೆ ಒತ್ತಿದಂಗೆ ಒತ್ತಿ ಬಿಟ್ನಲ್ಲಾ!" ಎಂದರು.

ಅವರ ಮಾತು ಬಹಳ ಸರಿಯಾಗಿತ್ತು. ಆ ಪ್ಲೇಟಿನ ಗತಿ ಮುಂದೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಅದರಲ್ಲಿ ನನ್ನದೊಂದು ತಪ್ಪೂ ಇದೆ. ಮೊದಲು ಈ ಯಂತ್ರವೆಂದರೇನು, ಇದರಿಂದ ದೊಡ್ಡ ಕಾರ್ಖಾನೆಗಳಲ್ಲಿ ಏನು ನಡೆಯುತ್ತಿದೆ, ನಮಗೇನು ಉಪಯೋಗ ಎಂಬುದನ್ನು ನೋಡೋಣ.

ಒಂದು ವಸ್ತುವನ್ನು ಮಾಡುವ ಹಳೆಯ ದಾರಿಗಳು ಮೂರು. ನಿಮಗೆ ಮೂರೂ ಗೊತ್ತು. ಬಡಿಗ ಬಂಡಿಯ ಗುಂಬವನ್ನು ಹೇಗೆ ಮಾಡುತ್ತಾನೆ? ದಪ್ಪ ಮರದ ತುಂಡು ತಂದು, ಬೇಡವಾದದ್ದನ್ನೆಲ್ಲ ಕೆತ್ತಿ ತೆಗೆಯುತ್ತಾನೆ. ಲೇತ್ ಯಂತ್ರ ಮಾಡುವುದೂ ಇದೇ ಕೆಲಸ, ಮರದ ಬದಲು ಕಬ್ಬಿಣ. ಇದು ಕೊರೆಯುವ ದಾರಿ. ಕಮ್ಮಾರ ಕುಡ ಮಾಡುವಾಗ ಕಬ್ಬಿಣವನ್ನು ಕಾಯಿಸಿ ಬಡಿಯುತ್ತಾನೆ. ಇದು ಬಡಿಯುವ ದಾರಿ. ಮೂರನೆಯದು ಎರಕ. ಮರಳಿನಲ್ಲಿ ಅಚ್ಚು ಮಾಡಿ, ಕರಗಿದ ಲೋಹವನ್ನು ಹೊಯ್ಯುವುದು. ನಿಮ್ಮ ಪಂಪಿನ ಹೊರಮೈ ಹೀಗೆ ಹುಟ್ಟಿದ್ದು.

ಹರಿಹರದ ಸುತ್ತಿನವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಇಲ್ಲಿಯೇ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಇಲ್ಲಿ ತಯಾರಾದ ಲೇತ್‌ಗಳು ದೇಶದ ಮೂಲೆ ಮೂಲೆಯ ವರ್ಕ್‌ಶಾಪ್‌ಗಳಿಗೆ ಹೋದವು. ನಮ್ಮ ಊರುಗಳ ಎಷ್ಟೋ ಮನೆಗಳ ಹಿರಿಯರು ಅಲ್ಲಿ ಪಾಳಿಯಲ್ಲಿ ದುಡಿದವರು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ಆದರೆ ಕಬ್ಬಿಣ ಕೊರೆಯುವ ಕೈಗಳು ಈ ಊರಿನಲ್ಲಿ ಇನ್ನೂ ಇವೆ. ಸಣ್ಣ ಸಣ್ಣ ಲೇತ್ ಅಂಗಡಿಗಳು ಇನ್ನೂ ನಡೆಯುತ್ತಿವೆ.

ಇನ್ನು ನಾಲ್ಕನೆಯ ದಾರಿ. ಇದರಲ್ಲಿ ಕೊರೆಯುವುದಿಲ್ಲ, ಬಡಿಯುವುದಿಲ್ಲ, ಅಚ್ಚಿಗೆ ಹೊಯ್ಯುವುದೂ ಇಲ್ಲ. ಬುಡದಿಂದ ಕಟ್ಟುತ್ತ ಹೋಗುವುದು. ಮಣ್ಣಿನ ಗೋಡೆ ಹಾಕುವುದನ್ನು ನೋಡಿದ್ದೀರಲ್ಲವೆ? ಒಂದು ವರಸೆ ಮಣ್ಣು ಹಾಕಿ, ಅದು ಒಣಗಿದ ಮೇಲೆ ಇನ್ನೊಂದು ವರಸೆ. ಗೆದ್ದಲು ಹುತ್ತ ಕಟ್ಟುವುದೂ ಹೀಗೆಯೇ, ಕಣದ ಮೇಲೆ ಕಣ. ಇದನ್ನೇ ಯಂತ್ರದಿಂದ ಮಾಡಿಸಿದರೆ ಅದಕ್ಕೆ ತ್ರೀ-ಡಿ ಪ್ರಿಂಟಿಂಗ್ ಎಂದು ಹೆಸರು. ಇಂಜಿನಿಯರುಗಳು ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್ ಎನ್ನುತ್ತಾರೆ. ಕೂಡಿಸುತ್ತ ಕೂಡಿಸುತ್ತ ತಯಾರಿಸುವುದು ಎಂದು ನಾವು ತಿಳಿದುಕೊಂಡರೆ ಸಾಕು.

ಯಂತ್ರ ಕೆಲಸ ಮಾಡುವುದು ಹೀಗೆ. ಬೇಕಾದ ವಸ್ತುವಿನ ಚಿತ್ರವನ್ನು ಎಲ್ಲಾ ಕಡೆಯ ಅಳತೆಯೊಡನೆ ಕಂಪ್ಯೂಟರಿನಲ್ಲಿ ಬರೆಯಬೇಕು. ಕಂಪ್ಯೂಟರು ಆ ಚಿತ್ರವನ್ನು ಈರುಳ್ಳಿ ಹೆಚ್ಚಿದಂತೆ ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚುತ್ತದೆ. ಒಂದೊಂದು ಬಿಲ್ಲೆಯ ದಪ್ಪ ಸಾಮಾನ್ಯವಾಗಿ 0.2 ಮಿಲಿಮೀಟರ್, ಅಂದರೆ ಐದು ಪದರ ಸೇರಿದರೆ ಒಂದು ಮಿಲಿಮೀಟರ್. ನಮ್ಮ ಬೀಜದ ಪ್ಲೇಟು 6 ಮಿಲಿಮೀಟರ್ ದಪ್ಪ ಎನ್ನಿ, ಮೂವತ್ತು ಪದರವಾಯಿತು. ಯಂತ್ರದಲ್ಲಿ ಒಂದು ಬಿಸಿ ಮೂತಿ ಇದೆ. ದಾರದ ಉಂಡೆಯಂತೆ ಸುತ್ತಿಟ್ಟ ಪ್ಲಾಸ್ಟಿಕ್ ಎಳೆ ಅದರೊಳಗೆ ಹೋಗಿ ಕರಗುತ್ತದೆ. ಮೂತಿ ಅತ್ತ ಇತ್ತ ಓಡಾಡುತ್ತ, ಚಕ್ಕುಲಿ ಒರಳಿನಿಂದ ಹಿಟ್ಟು ಬಿಟ್ಟಂತೆ, ಕರಗಿದ ಪ್ಲಾಸ್ಟಿಕನ್ನು ಬಿಡುತ್ತ ಹೋಗುತ್ತದೆ. ಒಂದು ಪದರ ಮುಗಿದರೆ ಮೂತಿ ಕೂದಲೆಳೆಯಷ್ಟು ಮೇಲಕ್ಕೇರಿ ಮುಂದಿನ ಪದರ ಹಾಕುತ್ತದೆ. ನಡುವೆ ಮನುಷ್ಯನಿಗೆ ಕೆಲಸವಿಲ್ಲ. ಕರೆಂಟು ಮಾತ್ರ ಹೋಗಬಾರದು! ನಮ್ಮ ಪ್ಲೇಟು ಆಗುವಾಗ ಒಮ್ಮೆ ಹೋಗಿ, ಅರ್ಧಕ್ಕೆ ನಿಂತ ಒಂದನ್ನು ಎಸೆದು ಮೊದಲಿನಿಂದ ಮಾಡಬೇಕಾಯಿತು.

ಈ ವಿದ್ಯೆ ನೆನ್ನೆ ಮೊನ್ನೆಯದಲ್ಲ. 1981ರಲ್ಲಿ ಜಪಾನಿನ ಹಿದೇವೊ ಕೊಡಾಮಾ ಎಂಬವರು ಬೆಳಕು ಬಿದ್ದರೆ ಗಟ್ಟಿಯಾಗುವ ರಾಳದಿಂದ ಪದರ ಪದರವಾಗಿ ವಸ್ತು ಕಟ್ಟುವುದನ್ನು ಬರೆದು ಪ್ರಕಟಿಸಿದರು. ಅಮೆರಿಕದ ಚಾರ್ಲ್ಸ್ ಹಲ್ ಎಂಬವರು 1984ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1986ರಲ್ಲಿ ಪಡೆದರು. ಎಳೆ ಕರಗಿಸಿ ಬಿಡುವ ಈ ಶಾವಿಗೆ ಪದ್ಧತಿಯನ್ನು ಕಂಡುಹಿಡಿದವರು ಸ್ಕಾಟ್ ಕ್ರಂಪ್. ಮಗಳಿಗೆ ಆಟದ ಕಪ್ಪೆ ಮಾಡಿಕೊಡಲು ಬಿಸಿ ಅಂಟು ಬಿಡುವ ಪಿಸ್ತೂಲು ಹಿಡಿದು ಕುಳಿತಾಗ ಇದು ಹೊಳೆಯಿತೆಂದು ಹೇಳುತ್ತಾರೆ. ಆ ಪೇಟೆಂಟಿನ ಅವಧಿ 2009ರಲ್ಲಿ ಮುಗಿಯಿತು. ಆಮೇಲೆ ಯಾರು ಬೇಕಾದರೂ ಅಂಥ ಯಂತ್ರ ಮಾಡಬಹುದೆಂದಾಗಿ, ಬೆಲೆ ಇಳಿದು, ಹರಿಹರದ ವಿದ್ಯಾರ್ಥಿಯ ಮೇಜಿನ ಮೇಲೂ ಬಂದು ಕುಳಿತಿತು.

"ಪ್ಲಾಸ್ಟಿಕ್ಕಿನದು ಸರಿ, ಕಬ್ಬಿಣದ್ದು ಆಗ್ತೈತಾ?" ಎಂದು ನೀವು ಕೇಳುತ್ತೀರಿ. ಆಗುತ್ತದೆ. ದೊಡ್ಡ ಉದ್ಯಮಗಳಲ್ಲಿ ಈಗ ಹೆಚ್ಚಿನ ಬೆಳವಣಿಗೆ ನಡೆದಿರುವುದು ಲೋಹದಲ್ಲಿಯೇ. ಅಲ್ಲಿ ಎಳೆಯ ಬದಲು ಲೋಹದ ಪುಡಿ. ರಂಗೋಲಿ ಪುಡಿಗಿಂತ ಎಷ್ಟೋ ನಯ. ಗಾಳಿಯಾಡದ ಪೆಟ್ಟಿಗೆಯಲ್ಲಿ ಆರ್ಗಾನ್ ಅಥವಾ ನೈಟ್ರೋಜನ್ ತುಂಬಿ, ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದ ಜಾಗಕ್ಕೆ ಮಾತ್ರ ಲೇಸರ್ ಬೆಳಕು ಬಿಟ್ಟು ಕರಗಿಸುತ್ತಾರೆ. ಬೆಳಕು ಬಿದ್ದ ಕಡೆ ಗಟ್ಟಿ, ಬೀಳದ ಕಡೆ ಪುಡಿಯಾಗಿಯೇ ಉಳಿಯುತ್ತದೆ. ಮತ್ತೆ ಪುಡಿ ಹರಡುವುದು, ಮತ್ತೆ ಕರಗಿಸುವುದು. ಕೊನೆಗೆ ಪುಡಿ ಕೊಡವಿದರೆ ಒಳಗೆ ವಸ್ತು ಸಿಗುತ್ತದೆ, ಬೂದಿಯಲ್ಲಿ ಸುಟ್ಟ ಗೆಣಸು ಸಿಕ್ಕಂತೆ. ಉಳಿದ ಪುಡಿಯನ್ನು ಜರಡಿ ಹಿಡಿದು ಮತ್ತೆ ಬಳಸುತ್ತಾರೆ.

ಇದರಿಂದಾಗುವ ಲಾಭ ಎಂಥದೆಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಕೊಡುತ್ತೇನೆ. ಇಸ್ರೊ ಸಂಸ್ಥೆಯ ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತಕ್ಕೆ ಪಿ.ಎಸ್.4 ಎಂಬ ಎಂಜಿನ್ ಇದೆ. ಹಳೆಯ ಪದ್ಧತಿಯಲ್ಲಿ ಅದಕ್ಕೆ 14 ಬಿಡಿಭಾಗ ಮಾಡಿ, ಬೆಸುಗೆ ಹಾಕಿ ಜೋಡಿಸುತ್ತಿದ್ದರು. ಹೊಸ ಪದ್ಧತಿಯಲ್ಲಿ ಅಷ್ಟೂ ಸೇರಿ ಒಂದೇ ತುಂಡಾಗಿ ಬಂತು. 19 ಬೆಸುಗೆ ಉಳಿಯಿತು. ಮೊದಲು ಒಂದು ಎಂಜಿನ್ನಿಗೆ 565 ಕಿಲೋ ಲೋಹ ತಂದು ಕೊರೆಯಬೇಕಾಗಿತ್ತು, ಈಗ 13.7 ಕಿಲೋ ಪುಡಿ ಸಾಕಾಯಿತು. ನೂರು ದಿನದ ಕೆಲಸ ನಲವತ್ತು ದಿನಕ್ಕಿಳಿದ ಹಾಗೆ, ತಯಾರಿಕೆಯ ಕಾಲವೂ ಶೇಕಡಾ 60ರಷ್ಟು ಕಡಿಮೆಯಾಯಿತು. ಮುದ್ರಿಸಿದ್ದು ವಿಪ್ರೊ ತ್ರೀ-ಡಿ ಕಂಪನಿ. 2024ರ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ 665 ಸೆಕೆಂಡು ಉರಿಸಿ ಪರೀಕ್ಷೆ ಮಾಡಿದರು, ತಡೆದುಕೊಂಡಿತು. ಅದೇ ತಿಂಗಳು 30ರಂದು ಚೆನ್ನೈನ ಅಗ್ನಿಕುಲ್ ಎಂಬ ಕಂಪನಿ, ಒಂದೇ ತುಂಡಾಗಿ ಮುದ್ರಿಸಿದ ಎಂಜಿನ್ ಇಟ್ಟು ಶ್ರೀಹರಿಕೋಟಾದಿಂದ ಸಣ್ಣ ರಾಕೆಟ್ಟು ಹಾರಿಸಿತು.

565 ಕಿಲೋ ಎಲ್ಲಿ, 13.7 ಕಿಲೋ ಎಲ್ಲಿ! ಕೊರೆಯುವ ದಾರಿಯಲ್ಲಿ ಎಷ್ಟು ಲೋಹ ಸಿಪ್ಪೆಯಾಗಿ ನೆಲಕ್ಕೆ ಬೀಳುತ್ತಿತ್ತೆಂಬುದು ಇದರಿಂದ ತಿಳಿಯುತ್ತದೆ. ವಿದೇಶದಲ್ಲಿಯೂ ಹೀಗೆಯೇ. ಲೀಪ್ ಎಂಬ ವಿಮಾನ ಎಂಜಿನ್ನಿನಲ್ಲಿ ಇಂಧನ ಚಿಮ್ಮಿಸುವ ಮೂತಿಯನ್ನು ಮೊದಲಾದರೆ ಸುಮಾರು 20 ಭಾಗ ಸೇರಿಸಿ ಮಾಡಬೇಕಾಗಿತ್ತು, ಈಗ ಅದು ಒಂದೇ ತುಂಡು, ತೂಕ ಕಾಲು ಪಾಲು ಕಡಿಮೆ. ಆಸ್ಪತ್ರೆಗಳಲ್ಲಿ ತಲೆಬುರುಡೆ, ದವಡೆ ಒಡೆದವರಿಗೆ ಅವರವರ ಅಳತೆಗೇ ಟೈಟೇನಿಯಂ ಲೋಹದ ತುಂಡು ಮುದ್ರಿಸಿ ಕೂರಿಸುತ್ತಾರೆ. ಕಿವಿ ಮಂದವಾದವರು ಕಿವಿಯೊಳಗೆ ಇಟ್ಟುಕೊಳ್ಳುವ ಯಂತ್ರದ ಕವಚ ಈಗ ಬಹುಪಾಲು ಹೀಗೇ ತಯಾರಾಗುತ್ತದೆ, ಏಕೆಂದರೆ ಒಬ್ಬರ ಕಿವಿಯಂತೆ ಇನ್ನೊಬ್ಬರದಿಲ್ಲ.

ಮನೆಯನ್ನೂ ಕಟ್ಟಬಹುದೆ ಎಂದು ಒಂದು ಊರಿನಲ್ಲಿ ಕೇಳಿದರು. ಬೆಂಗಳೂರಿನ ಹಲಸೂರು ಕಡೆ ಕೇಂಬ್ರಿಡ್ಜ್ ಲೇಔಟಿನಲ್ಲಿ ಒಂದು ಅಂಚೆ ಕಚೇರಿ ಇದೆ, ನೋಡಿ ಬನ್ನಿ. 1,021 ಚದರಡಿ. ಕಾಂಕ್ರೀಟನ್ನು ಯಂತ್ರದ ಮೂತಿಯಿಂದ ವರಸೆ ವರಸೆಯಾಗಿ ಬಿಟ್ಟು ಕಟ್ಟಿದ್ದು. ಎಲ್ ಅಂಡ್ ಟಿ ಕಂಪನಿಯವರು ಮದ್ರಾಸಿನ ಐ.ಐ.ಟಿ.ಯ ಮಾರ್ಗದರ್ಶನದಲ್ಲಿ 43 ದಿನಗಳಲ್ಲಿ ಮುಗಿಸಿದರು. 2023ರ ಆಗಸ್ಟ್ 18ರಂದು ಅದರ ಉದ್ಘಾಟನೆಯಾಯಿತು. ಗೋಡೆಯ ಮೇಲೆ ಪದರದ ಗೆರೆಗಳು ಕಣ್ಣಿಗೆ ಕಾಣುತ್ತವೆ. ಆದರೆ ಅಷ್ಟು ದೊಡ್ಡ ಯಂತ್ರವನ್ನು ಒಂದು ಮನೆಗಾಗಿ ನಮ್ಮ ಹಳ್ಳಿಗೆ ಹೊತ್ತು ತರುವುದು ಸದ್ಯಕ್ಕೆ ಲೆಕ್ಕಕ್ಕೆ ಬರುವ ಮಾತಲ್ಲ. ದನದ ಕೊಟ್ಟಿಗೆಗೆ ಗಾರೆಯವರನ್ನೇ ಕರೆಯಿರಿ.

ಹಾಗಾದರೆ ಲಕ್ಷಗಟ್ಟಲೆ ಬಕೆಟ್ಟು, ಕೊಡಪಾನಗಳನ್ನು ಇದರಿಂದ ಏಕೆ ಮಾಡುವುದಿಲ್ಲ? ಯಂತ್ರ ನಿಧಾನ, ಅದಕ್ಕೇ. ಒಂದು ಪ್ಲೇಟಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಚ್ಚಿನ ಯಂತ್ರವಾದರೆ ನಿಮಿಷದೊಳಗೆ ಒಂದನ್ನು ಉದುರಿಸುತ್ತದೆ. ಆದರೆ ಆ ಉಕ್ಕಿನ ಅಚ್ಚು ಮಾಡಿಸುವುದಕ್ಕೆ ಮೊದಲೇ ಲಕ್ಷಾಂತರ ರೂಪಾಯಿ ಸುರಿಯಬೇಕು. ಲಕ್ಷ ಸಾಮಾನು ಬೇಕಿದ್ದರೆ ಅಚ್ಚು, ಒಂದೋ ಹತ್ತೋ ಬೇಕಿದ್ದರೆ ಈ ಯಂತ್ರ. ಕಂಪನಿ ಕೈಬಿಟ್ಟ ಹಳೆಯ ಕೂರಿಗೆಯ ಒಂದೇ ಒಂದು ಪ್ಲೇಟು ಬೇಕಾದ ನಮ್ಮ ರೈತರಿಗೆ ಇದು ಒಗ್ಗುವುದು ಈ ಕಾರಣದಿಂದ.

ಈಗ ಆ ಪ್ಲೇಟಿನ ಕಥೆಗೆ ಬರೋಣ. ಮರುದಿನ ಬೆಳಿಗ್ಗೆ ಕೂರಿಗೆಗೆ ಕೂರಿಸಿದೆವು. ಕಾಳು ಲೆಕ್ಕ ಹಾಕಿದಂತೆ ಬಿತ್ತು. ನನಗೂ ಹಿಗ್ಗು. ಹನ್ನೊಂದು ಗಂಟೆಗೆ ನಾನು ಬೇರೆ ಹಳ್ಳಿಗೆ ಹೋದೆ. ಮಧ್ಯಾಹ್ನ ಊಟಕ್ಕೆಂದು ಟ್ರ್ಯಾಕ್ಟರನ್ನು ಬಿಸಿಲಿನಲ್ಲಿಯೇ ನಿಲ್ಲಿಸಿ ಮನೆಗೆ ಹೋದರಂತೆ. ಬಂದು ಮತ್ತೆ ಬಿತ್ತಿದರು. ವಾರ ಕಳೆದು ಮೊಳಕೆ ಎದ್ದಾಗ ನೋಡಿದರೆ, ಬೆಳಿಗ್ಗೆ ಬಿತ್ತಿದ ಕಡೆ ನೇರ ಸಾಲು. ಮಧ್ಯಾಹ್ನ ಬಿತ್ತಿದ ಎಕರೆಯಲ್ಲಿ ಒಂದು ಕಡೆ ಮೂರು ಮೂರು ಸಸಿ, ಇನ್ನೊಂದು ಕಡೆ ಮೊಳದಷ್ಟು ಬಯಲು. ಪ್ಲೇಟು ಬಿಚ್ಚಿದರೆ ಹಪ್ಪಳದಂತೆ ಸೊಟ್ಟಗಾಗಿತ್ತು, ಗೂಡುಗಳ ಬಾಯಿ ಜೋತುಬಿದ್ದಿದ್ದವು.

ಕಾರಣವೇನು? ಹುಡುಗ ಹಾಕಿದ್ದು ಪಿ.ಎಲ್.ಎ. ಎಂಬ ಪ್ಲಾಸ್ಟಿಕ್. ಅಗ್ಗ, ಕಿಲೋಗೆ ಸಾವಿರ ರೂಪಾಯಿಯ ಆಸುಪಾಸು, ಯಂತ್ರಕ್ಕೂ ಸಲೀಸು. ಆದರೆ ಸುಮಾರು 60 ಡಿಗ್ರಿ ಶಾಖಕ್ಕೆ ಮೆತ್ತಗಾಗುತ್ತದೆ. ಬಿಸಿಲಿನಲ್ಲಿ ನಿಂತ ಕಬ್ಬಿಣದ ಕೂರಿಗೆಯನ್ನು ಮುಟ್ಟಿ ನೋಡಿ, ಕೈ ಸುಡುತ್ತದೆ. ಅಷ್ಟು ಶಾಖ ಅಲ್ಲೇ ಇದೆ. "ಯಾವ ಪ್ಲಾಸ್ಟಿಕ್ಕಪ್ಪಾ ಇದು, ಬಿಸಿಲಿಗೆ ತಡೀತದಾ?" ಎಂದು ನಾನು ಒಂದು ಮಾತು ಕೇಳಬೇಕಾಗಿತ್ತು. ಕೇಳಲಿಲ್ಲ. ಕೆಲಸ ಆಯಿತಲ್ಲ ಎಂಬ ಸಂಭ್ರಮದಲ್ಲಿ ಮರೆತೆ. ಬಯಲು ಬಿದ್ದ ಕಡೆ ಹೆಣ್ಣಾಳುಗಳು ಎರಡು ದಿನ ಬಗ್ಗಿ ಕಾಳು ಊರಿದರು. ಆ ಕೂಲಿಯ ಖರ್ಚು ರೈತರ ತಲೆಯ ಮೇಲೆ ಬಿತ್ತು. ಅವರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು.

ಇದರಲ್ಲಿ ಒಂದು ತಮಾಷೆಯೂ ಇದೆ. ಆ ಪಿ.ಎಲ್.ಎ. ಪ್ಲಾಸ್ಟಿಕ್ ಹುಟ್ಟುವುದು ಯಾವುದರಿಂದ ಗೊತ್ತೆ? ಮೆಕ್ಕೆಜೋಳದಿಂದ! ಜೋಳದ ಪಿಷ್ಟವನ್ನು ಸಕ್ಕರೆ ಮಾಡಿ, ಮೊಸರು ಹುಳಿಯಾಗುವಂತೆ ಹುಳಿಯಾಗಿಸಿ, ಆ ಆಮ್ಲದಿಂದ ಪ್ಲಾಸ್ಟಿಕ್ ಮಾಡುತ್ತಾರೆ. ಅಮೆರಿಕದ ನೆಬ್ರಾಸ್ಕದಲ್ಲಿ ಇದಕ್ಕೆಂದೇ 2002ರಲ್ಲಿ ಶುರುವಾದ ದೊಡ್ಡ ಕಾರ್ಖಾನೆ ಇದೆ. ಕಬ್ಬಿನ ಸಕ್ಕರೆಯಿಂದಲೂ ಆಗುತ್ತದೆ. ಮೆಕ್ಕೆಜೋಳಕ್ಕೆ ಹೆಸರಾದ ನಮ್ಮ ದಾವಣಗೆರೆ ಜಿಲ್ಲೆಯಲ್ಲಿ, ಮೆಕ್ಕೆಜೋಳದಿಂದಾದ ಪ್ಲೇಟು ಮೆಕ್ಕೆಜೋಳವನ್ನು ಬಿತ್ತಲಾರದೆ ಸೋತಿತು.

ಎರಡನೆಯ ಪ್ಲೇಟನ್ನು ಪಿ.ಇ.ಟಿ.ಜಿ. ಎಂಬ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿದೆವು. ಅದು ಸುಮಾರು 80 ಡಿಗ್ರಿಯವರೆಗೆ ತಡೆಯುತ್ತದೆ. ಉಳಿದ ಮೂರು ಎಕರೆಯನ್ನು ಅದೇ ಬಿತ್ತಿತು. ಆದರೂ ನಡುಹೊತ್ತಿನಲ್ಲಿ ಕೂರಿಗೆಯನ್ನು ಬೇವಿನ ಮರದ ನೆರಳಿಗೆ ನಿಲ್ಲಿಸಿದರು. ಉಜ್ಜಾಟ ಹೆಚ್ಚಿರುವ ಹಲ್ಲಿನ ಚಕ್ರಗಳಿಗೆ ನೈಲಾನ್ ವಾಸಿ.

ಇನ್ನೊಂದು ವಿಷಯ. ಪದರ ಪದರವಾಗಿ ಕಟ್ಟಿದ ವಸ್ತುವಿಗೆ ಸೌದೆಯಂತೆ ಎಳೆ ಇರುತ್ತದೆ. ಸೌದೆಯನ್ನು ಎಳೆಯ ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಕಡಿಯುವುದು ಕಷ್ಟ. ಹಾಗೆಯೇ ಇದೂ ಪದರಗಳ ನಡುವೆ ಬೇಗ ಬಿಡುತ್ತದೆ. ಆದ್ದರಿಂದ ಈ ಭಾಗಕ್ಕೆ ಎಳೆತ ಯಾವ ಕಡೆಯಿಂದ ಬೀಳುತ್ತದೆಂಬುದನ್ನು ಮಾಡುವವನಿಗೆ ತಿಳಿಸಬೇಕು. ಅವನು ಮಲಗಿಸಿ ಕಟ್ಟಬೇಕೋ ನಿಲ್ಲಿಸಿ ಕಟ್ಟಬೇಕೋ ನೋಡಿಕೊಳ್ಳುತ್ತಾನೆ. ಟ್ರ್ಯಾಕ್ಟರಿನ ಬ್ರೇಕು, ಸ್ಟೀರಿಂಗು, ಟ್ರೇಲರಿನ ಕೊಂಡಿ, ಒತ್ತಡದಲ್ಲಿ ಔಷಧಿ ಚಿಮ್ಮಿಸುವ ಪಂಪಿನ ಭಾಗ, ಇವುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿ ಹಾಕಿಕೊಳ್ಳಲೇಬೇಡಿ. ಮುರಿದರೆ ಪ್ರಾಣಕ್ಕೆ ಬರುತ್ತದೆ. ತಾಯಂದಿರೂ ಕೇಳಿ, ಮಿಕ್ಸಿಯ ಗುಂಡಿ, ಬಾಗಿಲ ಚಿಲಕದ ಹಿಡಿ ಮಾಡಿಸಿಕೊಂಡರೆ ಅಡ್ಡಿಯಿಲ್ಲ. ಊಟ, ನೀರು, ಹಿಟ್ಟು ತಾಗುವ ಪಾತ್ರೆ ಒರಳುಗಳಿಗೆ ಬೇಡ. ಪದರಗಳ ಸಂದಿಯಲ್ಲಿ ಜಿಡ್ಡು ಕುಳಿತರೆ ತೊಳೆದರೂ ಹೋಗುವುದಿಲ್ಲ.

ಕಬ್ಬಿಣದ ಭಾಗವೇ ಬೇಕಾದರೆ? ಲೋಹದ ಪುಡಿಯ ಯಂತ್ರಗಳು ಬೆಂಗಳೂರಿನಲ್ಲಿವೆ, ಅಲ್ಲಿಯೇ ಅಂಥ ಯಂತ್ರ ತಯಾರಿಸುವ ಕಂಪನಿಯೂ ಇದೆ. ಆದರೆ ರಾಕೆಟ್ಟಿಗೆ ಕೊಡುವ ದುಡ್ಡನ್ನು ಪಂಪಿಗೆ ಕೊಡಲಾದೀತೆ? ಅದಕ್ಕೊಂದು ಒಳದಾರಿ ಇದೆ, ನನಗೆ ಬಹಳ ಮೆಚ್ಚಿಕೆಯಾದದ್ದು. ತುಂಗಭದ್ರೆಯ ನೀರೆತ್ತುವ ಪಂಪಿನ ಇಂಪೆಲ್ಲರ್, ಅಂದರೆ ಒಳಗೆ ತಿರುಗಿ ನೀರು ತಳ್ಳುವ ರೆಕ್ಕೆಯ ಗಾಲಿ, ಹೊಳೆಯ ಮರಳಿಗೆ ಸವೆಯುತ್ತದೆ. ಹಳೆಯ ಪಂಪಾದರೆ ಹೊಸದು ಸಿಗುವುದಿಲ್ಲ. ಮೊದಲಾದರೆ ಪ್ಯಾಟರ್ನ್ ಮಾಡುವ ಬಡಿಗ ಮರದಲ್ಲಿ ಅದರ ಪಡಿಯಚ್ಚು ಕೆತ್ತಬೇಕಾಗಿತ್ತು. ಅಂಥ ಕೈ ಈಗ ಅಪರೂಪ. ಈಗ ಆ ಪಡಿಯಚ್ಚನ್ನು ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿ, ಎರಕದ ಅಂಗಡಿಗೆ ಕೊಟ್ಟರೆ, ಅವರು ಮರಳಿನಲ್ಲಿ ಒತ್ತಿ, ಬೀಡುಕಬ್ಬಿಣ ಹೊಯ್ದು ಕೊಡುತ್ತಾರೆ. ಮುದ್ರಣ ಅಗ್ಗದ್ದು, ಎರಕ ಹಳೆಯದು, ಕೈಗೆ ಬರುವುದು ಅಪ್ಪಟ ಕಬ್ಬಿಣ. ದೊಡ್ಡ ಫೌಂಡ್ರಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮರಳಿನ ಅಚ್ಚನ್ನೇ ನೇರವಾಗಿ ಮುದ್ರಿಸುತ್ತವೆ.

ಹೀಗೆ ಮಾಡಿಸುವಾಗ ಎರಡು ಎಚ್ಚರ. ಬೀಡುಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ. ಪಡಿಯಚ್ಚನ್ನು ಅಷ್ಟು ದೊಡ್ಡದಾಗಿಯೇ ಮುದ್ರಿಸಬೇಕು, ಲೇತಿನಲ್ಲಿ ಕೊರೆಯುವ ಕಡೆ ಇನ್ನಷ್ಟು ದಪ್ಪ ಬಿಡಬೇಕು. ಎರಡನೆಯದು, ಸವೆದ ಭಾಗವನ್ನು ಇದ್ದಂತೆಯೇ ನಕಲು ಮಾಡಿದರೆ ಸವೆತವೂ ನಕಲಾಗುತ್ತದೆ! ಯಂತ್ರಕ್ಕೆ ಬುದ್ಧಿಯಿಲ್ಲ, ಕೊಟ್ಟದ್ದನ್ನು ಮಾಡುತ್ತದೆ. ಹೊಸದಿದ್ದಾಗ ಎಷ್ಟಿತ್ತೆಂಬುದನ್ನು ಸವೆಯದ ಅಂಚಿನಿಂದ ಹಿಡಿದೋ, ಪಕ್ಕದ ಊರಿನ ಅದೇ ಮಾದರಿಯ ಪಂಪಿನಿಂದ ನೋಡಿಯೋ ಅಳತೆ ಕೊಡಬೇಕು. ಇಲ್ಲಿ ಹಳೆಯ ಲೇತ್ ಕೆಲಸಗಾರರ ಕಣ್ಣು ಬೇಕೇ ಬೇಕು. ಹುಡುಗನ ಕಂಪ್ಯೂಟರು, ಹಿರಿಯರ ವರ್ನಿಯರ್ ಎರಡೂ ಒಂದೇ ಮೇಜಿನ ಮೇಲೆ ಸೇರಿದರೆ ಕೆಲಸ ಕೆಡುವುದಿಲ್ಲ.

ಮಕ್ಕಳನ್ನು ಯಾವ ಓದಿಗೆ ಹಾಕಬೇಕೆಂದು ಕೇಳುವವರಿಗೆ ಒಂದು ಮಾತು. ಹರಿಹರದಲ್ಲಿಯೇ ಸರ್ಕಾರದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ, ಜಿ.ಟಿ.ಟಿ.ಸಿ. ಎನ್ನುತ್ತಾರೆ. ಅಚ್ಚು, ಉಪಕರಣ ಮಾಡುವ ಡಿಪ್ಲೊಮಾ ಅಲ್ಲಿ ಕಲಿಸುತ್ತಾರೆ. ಅಳತೆ ಹಿಡಿದು ಚಿತ್ರ ಬರೆಯುವುದನ್ನು ಕಲಿತ ಹುಡುಗ ಹುಡುಗಿಯರಿಗೆ ಈ ಹೊಸ ವಿದ್ಯೆ ಕಷ್ಟವಾಗುವುದಿಲ್ಲ. ಯಂತ್ರಕ್ಕಿಂತ ಚಿತ್ರ ಬರೆಯುವುದೇ ಇಲ್ಲಿ ದೊಡ್ಡ ಕೆಲಸ.

ಒಂದು ಹಳೆಯ ನೆನಪು ಹೇಳಿಬಿಡುತ್ತೇನೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೊದಮೊದಲು ಮಾಡಿದ ಸಾಮಾನುಗಳೇ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಆ ನೇಗಿಲನ್ನು ಬಹಳ ಕಾಲ ಕೊಳ್ಳಲಿಲ್ಲವಂತೆ. ಗುತ್ತೂರಿನ ಕಟ್ಟೆಯ ಮೇಲೆ ಇದನ್ನು ಹೇಳಿದಾಗ ಒಬ್ಬ ಹಿರಿಯರು ನಕ್ಕು, "ಅವರು ಹೆದರಿದ್ದು ತಪ್ಪೇನಲ್ಲ ಬಿಡಿ ಸಾರ್. ಹೊಲ ಅವರದು, ನೇಗಿಲು ಮಾರೋನ್ದಲ್ಲ" ಎಂದರು. ನನ್ನ ಸೊಟ್ಟ ಪ್ಲೇಟು ನೆನಪಾಗಿ ನಾನು ಸುಮ್ಮನಾದೆ.

ಈಗ ನೀವು ಮಾಡಬೇಕಾದದ್ದು ಇಷ್ಟು. ಬಿತ್ತನೆ ಹತ್ತಿರ ಬರುವ ಮೊದಲೇ, ಬೇಸಿಗೆಯಲ್ಲಿ, ಕೂರಿಗೆಯನ್ನು ಬಿಚ್ಚಿ ನೋಡಿ. ಪ್ಲೇಟಿನಲ್ಲಿ ಕೂದಲೆಳೆಯ ಬಿರುಕು ಕಂಡರೂ ಆಗಲೇ ಅಳತೆ ತೆಗೆಸಿಡಿ, ಏಕೆಂದರೆ ಇಡಿಯಾಗಿದ್ದ ವಸ್ತುವಿನ ಅಳತೆ ಹಿಡಿಯುವುದು ಸುಲಭ. ಒಡೆದರೆ ಚೂರುಗಳನ್ನು ತಿಪ್ಪೆಗೆ ಎಸೆಯಬೇಡಿ, ಒಂದು ಚೂರನ್ನೂ ಬಿಡದೆ ಬಟ್ಟೆಯಲ್ಲಿ ಕಟ್ಟಿ ತನ್ನಿ. ಹೊಸದನ್ನು ಹಾಕಿದ ಮೇಲೆ ನೇರ ಹೊಲಕ್ಕೆ ಇಳಿಯದೆ, ಅಂಗಳದಲ್ಲಿ ಗೋಣಿತಾಟು ಹಾಸಿ ಚಕ್ರ ತಿರುಗಿಸಿ, ನೂರು ಗೂಡಿಗೆ ಎಷ್ಟು ಕಾಳು ಬಿತ್ತೆಂದು ಎಣಿಸಿ. ಮತ್ತೆ ಒಂದು ಗಂಟೆ ಬಿಸಿಲಿನಲ್ಲಿಟ್ಟು ಇನ್ನೊಮ್ಮೆ ಎಣಿಸಿ. ಎರಡು ಲೆಕ್ಕವೂ ತಾಳೆಯಾದರೆ ಮಾತ್ರ ಹೊಲಕ್ಕೆ ಹೂಡಿ. ಚೂರುಗಳನ್ನು ತರುವವರು ಕೂರಿಗೆಯ ಕಂಪನಿ, ಮಾದರಿಯ ಹೆಸರು ಬರೆದ ಚೀಟಿಯನ್ನೂ ಜೊತೆಗಿಟ್ಟು ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ, ಮಾತಾಡೋಣ.